ಟಾರ್ಚ್ ಹಿಡಿದ ಭಾವ

ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಹುರಿಗಡಲೆ ಡಬ್ಬದ ಮುಚ್ಚಳ ತೆಗೆದರೆ ಅದರೊಳಗೂ ಪುಟ್ಟಿ ಧೂಳು, ಅದೇ ಗೋಡೆ ನುಣ್ಣಗಾಗಲೆಂದು ಮೆತ್ತುವ ಬಿಳಿ ಹಿಟ್ಟು. ಅಡುಗೆಮನೆ ಬಾಗಿಲಿಗೆ ಹಳೇ ಸೀರೆ ಕಟ್ಟಿತ್ತು, ಡಬ್ಬ ಬಿಗಿಯಾಗಿಯೇ ಇತ್ತು. ಹೇಗೆ ನುಗ್ಗಿತೋ ದೇವರೇ ಬಲ್ಲ. ಪೇಂಟರ್‌ಗೆ ಹೇಳಿದರೆ, "ಇನ್ನೊಂದು ಸಲ ಉಜ್ಜೋದಿದೆ ಸಾರ್" ಎಂದ. ಹಳೇ ಬಣ್ಣ ಕೆರೆದಾಯಿತು, ಬಿರುಕು ತುಂಬಿದ್ದಾಯಿತು, ಪುಟ್ಟಿ ಎಳೆದು ಉಜ್ಜಿ ಮತ್ತೆ ಎಳೆದದ್ದಾಯಿತು. ಪುಣ್ಯಾತ್ಮ ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರನ್ನೇ ಇನ್ನೂ ಮುಟ್ಟಿಲ್ಲ.

ಬೈಯುವ ಹಾಗೂ ಇಲ್ಲ. ಸಂಜೆ ಬಲ್ಬೊಂದನ್ನು ಗೋಡೆಗೆ ತಾಗಿಸಿ ಹಿಡಿದು ತೋರಿಸಿದ. ಹಗಲು ನುಣ್ಣಗೆ ಕಂಡ ಗೋಡೆ ತುಂಬಾ ಗುಡ್ಡ, ಹಳ್ಳ! ಓರೆ ಬೆಳಕಿಗೆ ಸಣ್ಣ ಉಬ್ಬಿಗೂ ಉದ್ದ ನೆರಳು.

ಈ ವಿದ್ಯೆ ನಮ್ಮ ಭಾವನಿಗೂ ಗೊತ್ತು. ಅದೇ ತೊಂದರೆ. ಯಾರ ಗೃಹಪ್ರವೇಶಕ್ಕೆ ಹೋದರೂ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಗೋಡೆ ಪಕ್ಕ ನಿಂತುಬಿಡುತ್ತಾರೆ. ಚಿಕ್ಕಪ್ಪನ ಮಗನ ಮನೆಯಲ್ಲಂತೂ ಮಂಗಳಾರತಿ ತಟ್ಟೆ ಎದುರಿಗೆ ಬಂದರೆ, ಆರತಿ ತೆಗೆದುಕೊಳ್ಳುವ ಬದಲು ತಟ್ಟೆಯನ್ನೇ ಗೋಡೆಯತ್ತ ಓರೆ ಮಾಡಿದರು. ಪುರೋಹಿತರು ಕಕ್ಕಾಬಿಕ್ಕಿ. "ಗಾರೆ ಒಣಗೋಕೆ ಬಿಟ್ಟಿಲ್ಲ ಕಣಯ್ಯ. ಮಳೆಗಾಲ ಬರಲಿ, ನೋಡ್ತಿರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಊಟಕ್ಕೆ ಕೂತಾಗಲೂ ಅದೇ ಪ್ರವಚನ. ಹೊಸ ಗಾರೆಗೆ ಕನಿಷ್ಠ 28 ದಿನವಾದರೂ ಬೇಕು, ಒಳಗಿನ ನೀರು ಆರುವಾಗ ಉಪ್ಪನ್ನೂ ಹೊತ್ತು ಹೊರಗೆ ಬರುತ್ತದೆ, ಬಣ್ಣ ಎದ್ದು ಬರುತ್ತದೆ, ಮುಹೂರ್ತ ನೋಡೋರು ಗೋಡೆಯನ್ನೂ ಸ್ವಲ್ಪ ನೋಡಬೇಕು. ಹೋಳಿಗೆಗೆ ತುಪ್ಪ ಬಡಿಸಲು ಬಂದವನು ನಿಂತು ಕೇಳಿಸಿಕೊಂಡ. ನಮ್ಮ ಸಾಲಿಗೆ ತುಪ್ಪ ಬರಲೇ ಇಲ್ಲ.

ಆಷಾಢದಲ್ಲಿ ಆ ಗೋಡೆ ನಿಜವಾಗಿಯೂ ಬೆಳ್ಳಗೆ ಉಪ್ಪು ಬಿಟ್ಟು, ಬಣ್ಣ ಹಪ್ಪಳದ ಹಾಗೆ ಎದ್ದಿತು. ಭಾವ ಹೇಳಿದ್ದು ತಪ್ಪಾಗಿದ್ದರೆ ಎಲ್ಲರೂ ಕ್ಷಮಿಸುತ್ತಿದ್ದರೋ ಏನೋ. ಸರಿಯಾಗಿತ್ತಲ್ಲ, ಈಗ ಅವರನ್ನು ಯಾರೂ ಕರೆಯುವುದಿಲ್ಲ.

ನನಗೂ ಅವರ ಮೇಲೆ ಸಿಟ್ಟೇ. ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ ಗೋಡೆಗೆ ಒರಗಿದರೆ ಅಂಗಿ ಬೆನ್ನು ಬೆಳ್ಳಗಾಗುತ್ತಿತ್ತು, ಉಬ್ಬುತಗ್ಗು ಯಾರು ನೋಡುತ್ತಿದ್ದರು? ಈಗ ಹೋಟೆಲಿಗೆ ಹೋದರೂ ನನ್ನ ಕಣ್ಣು ದೋಸೆ ಬಿಟ್ಟು ಟ್ಯೂಬ್‌ಲೈಟ್ ಕೆಳಗಿನ ಗೋಡೆಗೆ ಹೋಗುತ್ತದೆ. ಇದರಿಂದ ಮನುಷ್ಯರ ಬಗ್ಗೆ ಏನೋ ದೊಡ್ಡ ಮಾತು ಹೇಳಬಹುದು ಅನ್ನಿಸಿತ್ತು, ಅಷ್ಟರಲ್ಲಿ ಭಾವನ ಫೋನ್ ಬಂತು. ಭಾನುವಾರ ಬರುತ್ತಾರಂತೆ. ಹಾಲ್‌ನ ಕೆಟ್ಟ ಮೂಲೆಗೆ ಬೀರು ಸರಿಸೋಣ ಅಂದರೆ ಪೇಂಟರ್ ಬಿಡುತ್ತಿಲ್ಲ. "ಇನ್ನೂ ಹಸಿ ಇದೆ ಸಾರ್" ಅನ್ನುತ್ತಾನೆ.