ಅಕ್ಕ ಅಂತ ಹಾಕಿದ್ರೆ ಅಕ್ಕ ಅಂತಲೇ ಬರ್ಬೇಕು

ಗೇಮ್ ಮಾಡೋಕೆ ಯಾವ ಸಾಫ್ಟ್‌ವೇರ್ ಕಲೀಲಿ ಅಂತ ಯಾರೇ ಕೇಳಿದ್ರೂ ನಾನು ಹೇಳೋದು ಒಂದೇ ಹೆಸರು, ಗೊಡೊ. ಫ್ರೀ ಅನ್ನೋದು ಇದ್ದೇ ಇದೆ, ನನಗೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಒತ್ತಕ್ಷರ.

ಅಕ್ಕನ ಮಗಳು ಈಗ ಒಂದನೇ ಕ್ಲಾಸು, ಅವಳಿಗೆ ಅಂತ ಒಂದು ಸಣ್ಣ ಆಟ ಮಾಡ್ತಿದೀನಿ, ಮೇಲಿಂದ ಅಕ್ಷರ ಬೀಳ್ತಾವೆ, ಬುಟ್ಟೀಲಿ ಹಿಡ್ಕೊಂಡು ಪದ ಕಟ್ಬೇಕು. ಗೊಡೊದ ಹಳೇ ವರ್ಶನ್ 3ರಲ್ಲಿ ಲೇಬಲ್ಲಿಗೆ, ಅಂದ್ರೆ ಪರದೆ ಮೇಲೆ ಬರಹ ತೋರಿಸೋ ಜಾಗಕ್ಕೆ, ಅಕ್ಕ ಅಂತ ಹಾಕಿದ್ರೆ ಕಾವತ್ತು ಕೆಳಗೆ ಕೂರ್ತಿರಲಿಲ್ಲ, ಅಕ್‌ಕ ಅಂತ ಬಿಡಿಬಿಡಿಯಾಗಿ ನಿಲ್ಲೋದು. ಅಕ್ಷರ ಕಲೀತಿರೋ ಮಗು ಮುಂದೆ ಅದನ್ನ ಇಡೋಕಾಗತ್ತಾ? 2023ರ ಮಾರ್ಚಲ್ಲಿ 4.0 ಬಂತಲ್ಲ, ಅದ್ರಲ್ಲಿ ಅಕ್ಷರ ಮೂಡಿಸೋ ಭಾಗನೇ ಹೊಸದಾಗಿ ಬರೆದು ಹಾರ್ಫ್‌ಬಜ್ ಅನ್ನೋ, ಅಕ್ಷರ ಒತ್ತುಗಳನ್ನ ಜೋಡಿಸಿ ಕೂರಿಸೋ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ) ಲೈಬ್ರರಿ ಸೇರಿಸಿದ್ರು, ನಿಮ್ಮ ಆಂಡ್ರಾಯ್ಡ್ ಫೋನಲ್ಲಿ ಕನ್ನಡದ ಒತ್ತು ನೆಟ್ಟಗೆ ಕಾಣೋದೂ ಅದೇ ಹಾರ್ಫ್‌ಬಜ್ಜಿಂದ. ಈಗ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ ಇಸ್ತ್ರಿ ಅಂತ ಬರೆದ್ರೆ ಮೇಲೆ ಗುಡಿಸು, ಕೆಳಗೆ ತಾವತ್ತು, ಅದರ ಪಕ್ಕ ರಾವತ್ತು, ಎಲ್ಲಾ ಅದರದರ ಜಾಗದಲ್ಲಿ ಕೂರತ್ತೆ. ಮೊದಲ ಸಲ ಅದು ಹಾಗೆ ಸರಿಯಾಗಿ ಕಂಡ ರಾತ್ರಿ ಅದೊಂದು ಪದನೇ ಎಷ್ಟು ಹೊತ್ತು ನೋಡ್ತಾ ಕೂತಿದ್ನೋ.

ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್ಕಿ, ಆರಿಯೆಲ್ ಮಂಜೂರ್ ಅನ್ನೋ ಇಬ್ರು ಶುರು ಮಾಡಿದ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಗೊಡೊ, 2014ರಲ್ಲಿ ಎಂಐಟಿ ಲೈಸೆನ್ಸ್, ಅಂದ್ರೆ ಯಾರು ಬೇಕಾದ್ರೂ ಬಳಸ್ಬೋದು ಅನ್ನೋ ಅನುಮತಿ, ಹಾಕಿ ಎಲ್ಲರಿಗೂ ಬಿಟ್ಕೊಟ್ರು. ನಿಮ್ಮ ಗೇಮ್ ಕೋಟಿ ದುಡಿದ್ರೂ ಒಂದು ಪೈಸೆ ಕೊಡ್ಬೇಕಿಲ್ಲ, ಆ ಲೈಸೆನ್ಸಿನ ಒಕ್ಕಣೆ ಗೇಮ್ ಜೊತೆಗಿದ್ರೆ ಸಾಕು. ಇದರ ಬೆಲೆ ಗೊತ್ತಾಗಿದ್ದು 2023ರ ಸೆಪ್ಟೆಂಬರಲ್ಲಿ, ಯೂನಿಟಿ ಅನ್ನೋ ಇನ್ನೊಂದು ಗೇಮ್ ಎಂಜಿನ್‌ನವರು ಇನ್‌ಸ್ಟಾಲ್ ಲೆಕ್ಕದಲ್ಲಿ ಫೀ ತಗೋತೀವಿ ಅಂದಾಗ. ವರ್ಷ ಆದ್ಮೇಲೆ ಅವರೇ ಕೈಬಿಟ್ರು ನಿಜ, ಆದ್ರೆ ಅಷ್ಟರಲ್ಲಿ ಸ್ಲೇ ದ ಸ್ಪೈರ್ ಅನ್ನೋ ಗೇಮ್ ಮಾಡಿದೋರು ಅದರ ಎರಡನೇ ಭಾಗನ ಗೊಡೊಗೇ ತಂದಾಗಿತ್ತು. ನಾವು ಬೆವರು ಸುರಿಸಿ ಕಟ್ಟಿದ ಮನೆಗೆ ಬಾಡಿಗೆ ಎಷ್ಟು ಅಂತ ಬೇರೆ ಯಾರೋ ಹೇಳ್ಬಾರ್ದು, ನನಗೆ ಇದು ತುಂಬಾ ಮುಖ್ಯ.

ಪ್ಲೇಸ್ಟೇಷನ್ನು, ಸ್ವಿಚ್ಚು ಅಂತ ಗೇಮ್ ಆಡೋ ಯಂತ್ರಗಳಿಗೆ ಆಟ ಹಾಕ್ಬೇಕಂದ್ರೆ ಬೇರೆ ಕಂಪನಿ ಸಹಾಯ ಬೇಕಾಗತ್ತೆ, ಅದನ್ನೂ ಹೇಳ್ಬೇಕು. ಮಕ್ಕಳ ಕನ್ನಡ ಆಟಕ್ಕೆ ಅದು ಬೇಕಾಗೂ ಇಲ್ಲ, ಹಳೇ ಲ್ಯಾಪ್‌ಟಾಪಲ್ಲೂ 2ಡಿ ಆಟ ಆರಾಮಾಗಿ ಮಾಡ್ಬೋದು.

ಈಗ ನಾನು ಸಿಕ್ಕಾಕೊಂಡಿರೋದು ಇಲ್ಲಿ: ಆಟದಲ್ಲಿ ಕ್ಕ ಅನ್ನೋದನ್ನ ಒಂದೇ ಅಕ್ಷರವಾಗಿ ಬೀಳಿಸೋದಾ, ಇಲ್ಲಾ ಕ ಬೇರೆ, ಒತ್ತು ಬೇರೆ ಬೀಳಿಸಿ ಮಗುನೇ ಕೂಡಿಸೋ ಹಾಗೆ ಮಾಡೋದಾ? ಪ್ರೈಮರಿ ಸ್ಕೂಲ್ ಟೀಚರ್ಸ್ ಯಾರಾದ್ರೂ ಓದ್ತಿದ್ರೆ ದಯವಿಟ್ಟು ಹೇಳಿ, ನೀವು ಕ್ಲಾಸಲ್ಲಿ ಒತ್ತು ಹೇಗೆ ಕಲಿಸ್ತೀರಾ?