ಹೊಳಲ್ಕೆರೆ ಮಾವನ ಪಾಲು

ಮೊನ್ನೆ ಆನ್‌ಲೈನ್‌ನಲ್ಲಿ ಒಂದು ಅರ್ಜಿ ತುಂಬುತ್ತಿದ್ದೆ. ಯಾವ ಕಚೇರಿಯದು ಅಂತ ಕೇಳಬೇಡಿ, ಅಲ್ಲಿ ನನ್ನ ಕೆಲಸ ಇನ್ನೂ ಆಗಬೇಕಿದೆ. ಮನೆಯ ಲ್ಯಾಂಡ್‌ಲೈನ್ ನಂಬರ್ ಕಡ್ಡಾಯವಂತೆ. ನಮ್ಮ ದಾವಣಗೆರೆ ಮನೆಯಲ್ಲಿ ಆ ಫೋನು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ನೀರಿನ ಕ್ಯಾನ್ ಇದೆ. ಆದರೂ ಬೆರಳು ತಾನಾಗಿಯೇ ಊರಿನ ಎಸ್‌ಟಿಡಿ ಕೋಡ್ 08192 ಒತ್ತಿಬಿಟ್ಟಿತು.

ಒತ್ತಿದ್ದೇ ತಡ, ಹೊಳಲ್ಕೆರೆ ಮಾವ ನೆನಪಾದರು. ಅವರ ಊರಿನದು 08191. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಒಂದು ಭಾನುವಾರ ಮನೆಯಲ್ಲಿ ಮಗಳ ನಿಶ್ಚಿತಾರ್ಥದ ಮಾತುಕತೆ ನಡೀತಿದ್ದರೆ ಇವರು ಕ್ಯಾಲೆಂಡರ್ ಹಾಳೆಯ ಹಿಂದೆ 8191ನ್ನು ಭಾಗಿಸುತ್ತಾ ಕೂತಿದ್ದರು. ಮೂರರಿಂದ ಹೋಗಲಿಲ್ಲ. ಏಳರಿಂದ, ಹದಿಮೂರರಿಂದ, ಊಹೂಂ. ಬೀಗರು ಒಡವೆಯ ಮಾತೆತ್ತಿದಾಗ ಇವರು ನಲವತ್ತೇಳರಲ್ಲಿದ್ದರು. ಅತ್ತೆ ಕಣ್ಣು ಬಿಟ್ಟರೂ ಏಳಲಿಲ್ಲ. ತೊಂಬತ್ತರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು, ತೊಂಬತ್ತೊಂದರ ವರ್ಗವೇ 8281 ಆಯ್ತಲ್ಲ. ಎಂಬತ್ತೊಂಬತ್ತೂ ಮುಗಿಸಿ, ಬೀಗರು ಹೊರಟು ನಿಂತಾಗ ನನ್ನ ಕಡೆ ತಿರುಗಿದರು.

"ನಮ್ದು ಯಾರಿಗೂ ಭಾಗ ಆಗಲ್ಲ ಕಣೋ. ನಿಮ್ದು ಅರ್ಧ ಅರ್ಧ ಮಾಡ್ತಾ ಹೋದ್ರೆ ಹದಿಮೂರನೇ ಸಲಕ್ಕೆ ಒಂದಕ್ಕೆ ಬಂದು ನಿಲ್ಲುತ್ತೆ. ಅಣ್ಣತಮ್ಮಂದಿರ ಆಸ್ತಿ ಇದ್ದಂಗೆ."

ಅವರ ನಾಲ್ಕು ಎಕರೆ ತೋಟ ಆಗಷ್ಟೇ ಮೂರು ಪಾಲಾಗಿತ್ತು. ನಾನು ಸುಮ್ನಿರಬೇಕಿತ್ತು. ಓದಿದವನ ಜಂಬ, ಬಾಯಿ ಬಿಟ್ಟೆ. ಮಾವ, ಎರಡೂ ಊರನ್ನು ಗುಣಿಸಿ ಅರ್ಧ ಮಾಡಿ, 3,35,50,336 ಬರುತ್ತೆ. ಅದು ಪರಿಪೂರ್ಣ ಸಂಖ್ಯೆ. ಅದನ್ನೊಂದು ಬಿಟ್ಟು ಉಳಿದ ಇಪ್ಪತ್ತೈದು ಭಾಜಕಗಳನ್ನು ಕೂಡಿದರೆ ಮತ್ತೆ ಅದೇ ಬರುತ್ತೆ. 6, 28, 496, 8128 ಆದಮೇಲೆ ಐದನೆಯದೇ ಇದು. ನಡುವೆ ಮೂರು ಕೋಟಿ ಸಂಖ್ಯೆಗಳಲ್ಲಿ ಇನ್ನೊಂದಿಲ್ಲ. ಹೀಗೆ ಕಟ್ಟುವ ದಾರಿಯನ್ನು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿದ್ದಾನೆ.

ಮಾವ ಬಹಳ ಹೊತ್ತು ಹಾಳೆ ನೋಡಿದರು.

"ಅರ್ಧ ಮಾಡಿದ್ದು ಯಾರ ಪಾಲನ್ನ?"

"ದಾವಣಗೆರೆದು. 4096 ಆಗುತ್ತೆ."

"ಅದನ್ನ ಹೇಳು ಮತ್ತೆ" ಅಂದು ಎಲೆಯಡಿಕೆ ಹಾಕಿಕೊಂಡರು.

ಇದರಿಂದ ಏನುಪಯೋಗ ಅಂತ ಕೇಳುವವರಿದ್ದಾರೆ. ಕೂಡಿದರೆ ಒಂಬತ್ತು ಬರಬೇಕು ಅಂತ ಗಾಡಿ ನಂಬರಿಗೆ ಸಾವಿರಾರು ರೂಪಾಯಿ ಸುರಿಯುವವರೇ ಇದನ್ನು ಕೇಳುವುದು ಜಾಸ್ತಿ. ಉತ್ತರ ಕೊಡುವ ವಯಸ್ಸು ನನಗೆ ಮುಗಿಯಿತು.

ಅರ್ಜಿಗೆ ಬರೋಣ. ಕೋಡ್ ಆದಮೇಲಿನ ಖಾಲಿ ಜಾಗದಲ್ಲಿ 33550336 ಒತ್ತಿದೆ. ಸಂಖ್ಯೆ ಸರಿಯಿಲ್ಲ, ಆರು ಅಂಕಿ ಮಾತ್ರ ಅಂದಿತು. ಆರು ಸೊನ್ನೆ ಒತ್ತಿದೆ. ತಕ್ಷಣ ಒಪ್ಪಿಕೊಂಡು ಮುಂದಿನ ಪುಟ ತೆರೆಯಿತು. ಅಲ್ಲಿ ಫ್ಯಾಕ್ಸ್ ನಂಬರ್ ಕೇಳುತ್ತಿದೆ.