ನೋವಿನ ಮಾತ್ರೆ ಬಿಡಿಸುವುದು ಮನೆಮಂದಿಯ ಕೆಲಸವಲ್ಲ

ನೋವಿನ ಮಾತ್ರೆಗೆ ಒಗ್ಗಿಹೋದವರ ಕೈಯಿಂದ ಸ್ಟ್ರಿಪ್ ಕಿತ್ತುಕೊಂಡು, ರೂಮಿನಲ್ಲಿ ಕೂರಿಸಿ, "ಮನಸ್ಸು ಗಟ್ಟಿ ಮಾಡ್ಕೋ, ನಾಲ್ಕು ದಿನ ತಡ್ಕೋ" ಅನ್ನುವುದನ್ನು ದಯವಿಟ್ಟು ನಿಲ್ಲಿಸೋಣ. ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುವವನು ನಾನು. ಕೌಂಟರಿನ ಈಚೆ ನಿಂತು ನೋಡಿದ್ದನ್ನು ಇಟ್ಟುಕೊಂಡೇ ಹೇಳುತ್ತಿದ್ದೇನೆ. ಮಾತ್ರೆ ಬಿಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಡಾಕ್ಟರ ನಿಗಾದಲ್ಲೇ ಆಗಬೇಕು.

ಜ್ವರಕ್ಕೂ ತಲೆನೋವಿಗೂ ನುಂಗುವ ಪ್ಯಾರಾಸಿಟಮಾಲ್ ಬಗ್ಗೆ ಅಲ್ಲ ಈ ಮಾತು. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್ ಇವೆಯಲ್ಲ, ಇವು ಮಿದುಳಿನಲ್ಲಿ ಅಫೀಮು ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುತ್ತವೆ. ಬೆನ್ನುಮೂಳೆ ಆಪರೇಷನ್ ಆದವರಿಗೆ, ಅಪಘಾತದಲ್ಲಿ ಕಾಲು ಮುರಿದವರಿಗೆ ಇಂಥ ಔಷಧಿ ಬೇಕೇ ಬೇಕು. ಕ್ಯಾನ್ಸರಿನವರಿಗಂತೂ ಇದನ್ನು ಕೊಡಲು ಹಿಂದೆಮುಂದೆ ನೋಡುವುದೇ ತಪ್ಪು. ತೊಂದರೆ ಬರುವುದು ಹತ್ತು ದಿನಕ್ಕೆಂದು ಬರೆದ ಚೀಟಿ ತಿಂಗಳುಗಟ್ಟಲೆ ಅಂಗಡಿಯಿಂದ ಅಂಗಡಿಗೆ ಓಡಾಡಿದಾಗ.

ನಮ್ಮ ಅಂಗಡಿಗೆ ಒಬ್ಬರು ಟೀಚರಮ್ಮ ಬರುತ್ತಿದ್ದರು. ಗುರುತು ಸಿಗುವಂಥದ್ದೇನೂ ಬರೆಯುವುದಿಲ್ಲ. ಬೆನ್ನಿನ ಆಪರೇಷನ್ ಆಗಿತ್ತು. ಡಾಕ್ಟರು ಬರೆದದ್ದು 50 ಮಿಲಿಗ್ರಾಮಿನ ಟ್ರಮಡಾಲ್, ದಿನಕ್ಕೆ ಎರಡು. ಕೊನೆಕೊನೆಗೆ ಅದು ಹತ್ತಕ್ಕೆ ಮುಟ್ಟಿತ್ತು. ಬೇರೆ ಬೇರೆ ಅಂಗಡಿಗಳಿಂದ ತರುತ್ತಿದ್ದರಂತೆ. ಹಳೇ ಚೀಟಿಗೆ ಕೊಡಲು ಬರುವುದಿಲ್ಲ ಎಂದಾಗ ಅವರು ಹೇಳಿದ್ದು ಇಷ್ಟು: "ಬೆನ್ನು ಈಗ ಅಷ್ಟೇನೂ ನೋಯಲ್ಲ ಅಣ್ಣ. ಆದ್ರೆ ಇದು ತಗೊಳ್ದಿದ್ರೆ ಆಕಳಿಕೆ ನಿಲ್ಲಲ್ಲ, ಮೂಗು ಸೋರುತ್ತೆ, ಕಾಲು ಒಂದ್ ಕಡೆ ಇಡಕ್ಕಾಗಲ್ಲ. ಮಕ್ಕಳ ಮುಂದೆ ಹೆಂಗ್ ನಿಂತ್ಕೊಳ್ಳಿ?"

ಒಂದು ದಿನವೂ ಸಾಲ ಹೇಳದ, ಯಾರ ತಂಟೆಗೂ ಹೋಗದ ಹೆಂಗಸು. ಇವರನ್ನು 'ಚಟಕ್ಕೆ ಬಿದ್ದವರು' ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಮನೆಯವರಿಗೆ ಗೊತ್ತಾದ ದಿನವೇ ಇದ್ದ ಮಾತ್ರೆಯನ್ನೆಲ್ಲ ಕಸಕ್ಕೆ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ, ಹೆದರಿಕೆಯಿಂದ. ಮಾರನೇ ದಿನಕ್ಕೆ ವಾಂತಿ, ಭೇದಿ, ಮೈಯೆಲ್ಲ ಮುಳ್ಳೆದ್ದು ನಡುಕ. ಎರಡನೇ ರಾತ್ರಿ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದು ಕೂಗಾಡಿದರಂತೆ. ಯಜಮಾನರು ದೆವ್ವ ಮೆಟ್ಟಿದೆಯೇನೋ ಅಂದುಕೊಂಡರು. ಟ್ರಮಡಾಲಿನಲ್ಲಿ ಇದೊಂದು ವಿಚಿತ್ರ ಇದೆ. ಅದು ಅಫೀಮಿನ ಹಾಗೆ ಮಾತ್ರವಲ್ಲ, ಖಿನ್ನತೆಗೆ ಕೊಡುವ ಕೆಲವು ಔಷಧಿಗಳ ಹಾಗೂ ಕೆಲಸ ಮಾಡುತ್ತದೆ. ಹಾಗಾಗಿ ತಟ್ಟನೆ ನಿಲ್ಲಿಸಿದರೆ ಮೈನೋವಿನ ಜೊತೆಗೆ ಕೆಲವರಿಗೆ ವಿಪರೀತ ಭಯ, ಗೊಂದಲ, ಇಲ್ಲದ್ದು ಕಾಣಿಸುವುದು, ಕೇಳಿಸುವುದು ಇದೆಲ್ಲ ಆಗುತ್ತದೆ. ದಿನಕ್ಕೆ 400 ಮಿಲಿಗ್ರಾಂ ದಾಟಿ ನುಂಗುವವರಿಗೆ ಫಿಟ್ಸ್ ಬರುವ ಅಪಾಯವೂ ಹೆಚ್ಚು. ಮನಸ್ಸು ಎಷ್ಟು ಗಟ್ಟಿ ಮಾಡಿಕೊಂಡರೂ ಇದು ನಿಲ್ಲುವಂಥದ್ದಲ್ಲ.

ಅವರ ತಮ್ಮ ಬಂದು ಆಸ್ಪತ್ರೆಗೆ ಕರೆದೊಯ್ದ. ಮನೋವೈದ್ಯರ ವಿಭಾಗದಲ್ಲಿ ಅಡ್ಮಿಟ್ ಮಾಡಿಕೊಂಡರು. ಅಲ್ಲಿ ಏನು ಮಾಡುತ್ತಾರೆಂದು ತಿಳಿಯದೆ ಎಷ್ಟೋ ಜನ ಹೆದರುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ನಾಡಿಬಡಿತ, ಕಣ್ಣಿನ ಪಾಪೆಯ ಅಳತೆ, ಬೆವರು, ನಡುಕ, ಆಕಳಿಕೆ ಎಲ್ಲ ನೋಡಿ ಅಂಕ ಹಾಕುತ್ತಾರೆ. ತೊಂದರೆ ಎಷ್ಟಿದೆ ಎನ್ನುವುದು ಆ ಅಂಕದಿಂದ ಗೊತ್ತಾಗುತ್ತದೆ. ಕೆಲವರಿಗೆ ಅದೇ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾರೆ. ಇನ್ನು ಕೆಲವರಿಗೆ ಬುಪ್ರೆನಾರ್ಫಿನ್ ಎಂಬ ಮಾತ್ರೆ, ನಾಲಿಗೆ ಕೆಳಗೆ ಇಟ್ಟು ಕರಗಿಸುವಂಥದ್ದು. ಅದು ಮಿದುಳಿನ ಅದೇ ಜಾಗ ಹಿಡಿಯುತ್ತದೆ, ಆದರೆ ಅಮಲು ಒಂದು ಮಟ್ಟದಿಂದ ಮೇಲೇರುವುದಿಲ್ಲ. ಸಂಕಟ ಮಾತ್ರ ಇಳಿಯುತ್ತದೆ. ಇದನ್ನು ಕೊಡುವ ಹೊತ್ತು ಬಹಳ ಮುಖ್ಯ. ಹಳೇ ಮಾತ್ರೆ ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಕೊಟ್ಟರೆ ಸಂಕಟ ಒಮ್ಮೆಲೇ ಹತ್ತುಪಟ್ಟಾಗಿ ಉಕ್ಕುತ್ತದೆ. ಅದಕ್ಕೇ ಲಕ್ಷಣಗಳು ಶುರುವಾಗುವವರೆಗೆ ಕಾಯುತ್ತಾರೆ. ಮೈನಡುಕ, ಬೆವರಿಗೆ ಕ್ಲೋನಿಡಿನ್ ಕೊಡುವುದುಂಟು, ಅದು ಬಿಪಿ ಇಳಿಸುವ ಔಷಧಿಯಾದ್ದರಿಂದ ಬಿಪಿ ನೋಡದೆ ಕೊಡುವ ಹಾಗಿಲ್ಲ. ಗರ್ಭಿಣಿಯರಿಗಂತೂ ಪೂರ್ತಿ ಬೇರೆಯದೇ ಕ್ರಮ, ಅವರಿಗೆ ಒಮ್ಮೆಲೇ ನಿಲ್ಲಿಸುವುದು ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ. ಇಷ್ಟೆಲ್ಲ ಮನೆಯಲ್ಲಿ ಯಾರು ನೋಡಲು ಸಾಧ್ಯ ಹೇಳಿ?

ಬುಪ್ರೆನಾರ್ಫಿನ್ ಕೊಟ್ಟರೆ "ಒಂದು ಬಿಡಿಸಿ ಇನ್ನೊಂದು ಅಂಟಿಸ್ತಾರೆ" ಅನ್ನುವವರು ನನ್ನ ಅಂಗಡಿಯ ಮುಂದೆಯೇ ಇದ್ದಾರೆ. ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಟೀಚರಮ್ಮ ಈಗ ಡಾಕ್ಟರು ಹೇಳಿದ ಪ್ರಮಾಣಕ್ಕಿಂತ ಚೂರೂ ಹೆಚ್ಚು ಕೇಳುವುದಿಲ್ಲ, ಮಾತ್ರೆಗಾಗಿ ಊರೆಲ್ಲ ಸುತ್ತುವುದಿಲ್ಲ. ಶಾಲೆಗೆ ಹೋಗುತ್ತಾರೆ, ಬೆನ್ನಿಗೆ ಫಿಸಿಯೋಥೆರಪಿ ಮಾಡಿಸುತ್ತಾರೆ. ಬೇಗ ನಿಲ್ಲಿಸಿಬಿಡು ಎಂದು ಅವರನ್ನು ಅವಸರಪಡಿಸುವ ಹಕ್ಕು ನೆಂಟರಿಗೂ ಇಲ್ಲ, ನೆರೆಯವರಿಗೂ ಇಲ್ಲ.

ಇದು ಒಬ್ಬಿಬ್ಬರ ಕಥೆಯೂ ಅಲ್ಲ. ಏಮ್ಸ್ ನಡೆಸಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ಹೆರಾಯಿನ್ ಬಳಸುವವರು ಶೇ 1.14, ಅಫೀಮು ಜಾತಿಯ ಔಷಧಿಗಳನ್ನು ಹೀಗೆ ಬಳಸುವವರು ಶೇ 0.96. ಹೆಚ್ಚು ಅಂತರವಿಲ್ಲ ನೋಡಿ.

ಕಾನೂನು ಸುಮ್ಮನೆ ಕೂತಿಲ್ಲ. ಟ್ರಮಡಾಲ್ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಬಿಗಿ ಪಟ್ಟಿಯಲ್ಲಿದೆ. ಯಾವ ಡಾಕ್ಟರು ಬರೆದರು, ಯಾರಿಗೆ, ಎಷ್ಟು ಎಂದು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರ ಏಪ್ರಿಲ್‌ನಲ್ಲಿ ಅದನ್ನು ಎನ್‌ಡಿಪಿಎಸ್ ಕಾಯ್ದೆಯೊಳಗೂ, ಅಂದರೆ ಮಾದಕ ವಸ್ತುಗಳ ಕಾನೂನಿನೊಳಗೂ ತಂದರು. ಇದೆಲ್ಲ ಬೇಕು, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈಗಾಗಲೇ ಒಗ್ಗಿಹೋದವರಿಗೆ ಅಂಗಡಿ ಬಾಗಿಲು ಮುಚ್ಚಿದ ಮೇಲೆ ಆಸ್ಪತ್ರೆ ಬಾಗಿಲು ಎಲ್ಲಿದೆ ಎಂದು ಹೇಳುವವರೇ ಇಲ್ಲ. ಅಮೆರಿಕದಲ್ಲಿ ಇದೇ ಆಯಿತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಡಾಕ್ಟರುಗಳು ಇಂಥ ಮಾತ್ರೆಗಳನ್ನು ಧಾರಾಳವಾಗಿ ಬರೆದರು, ಸಾವು ಹೆಚ್ಚಾದ ಮೇಲೆ ಎಷ್ಟೋ ಕಡೆ ರೋಗಿಗಳಿಗೆ ಏಕಾಏಕಿ ನಿಲ್ಲಿಸಿದರು. ಕೊನೆಗೆ 2019ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯೇ ಎಚ್ಚರಿಸಬೇಕಾಯಿತು: ಹೀಗೆ ಥಟ್ಟನೆ ನಿಲ್ಲಿಸಿದರೆ ತೀವ್ರ ಸಂಕಟವಾಗುತ್ತದೆ, ಆತ್ಮಹತ್ಯೆವರೆಗೂ ಹೋಗಬಹುದು ಎಂದು.

ಪೊಲೀಸ್ ಕೇಸಾಗುತ್ತದೆ ಎಂದು ಅಡಗಿಕೊಂಡು ಕೂರುವವರಿಗೆ ಒಂದು ಮಾತು. ಸಣ್ಣ ಪ್ರಮಾಣ ಇಟ್ಟುಕೊಂಡ ಅಥವಾ ಸೇವಿಸಿದ ಆರೋಪವಿದ್ದರೂ, ತಾವಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆ ಇದೆ. ಇನ್ನು, ಬೋರ್ಡ್ ಹಾಕಿಕೊಂಡ ಮಾತ್ರಕ್ಕೆ ಎಲ್ಲವೂ ಆಸ್ಪತ್ರೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವ ಹಾಗಿಲ್ಲ. ಸೇರಿಸುವ ಮುಂಚೆ ನೋಂದಣಿ ಇದೆಯೇ, ಮನೋವೈದ್ಯರು ಯಾರು, ರಾತ್ರಿ ಪಾಳಿಯಲ್ಲಿ ನರ್ಸ್ ಇರುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಜೊತೆಯ ಅಂಗಡಿಯವರೇ, ಹಳೇ ಚೀಟಿಗೆ ಕೊಡಬೇಡಿ. ಆದರೆ ಗಿರಾಕಿಯನ್ನು ಬರಿಗೈಲಿ ವಾಪಸ್ ಕಳಿಸಲೂಬೇಡಿ. ಆ ನಂಬರನ್ನೂ ಹತ್ತಿರದ ಮನೋವೈದ್ಯರ ಓಪಿಡಿ ದಿನವನ್ನೂ ಒಂದು ತುಂಡು ಕಾಗದದಲ್ಲಿ ಬರೆದುಕೊಡಿ, ನಾಲ್ಕು ಜನರ ಎದುರಿಗಲ್ಲ. ಮನೆಯವರಿಗೆ: ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ತಿಂಗಳುಗಳೇ ಹೆಚ್ಚು ಅಪಾಯದವು. ಮೈಗೆ ಹಳೇ ಪ್ರಮಾಣ ತಡೆಯುವ ಶಕ್ತಿ ಹೋಗಿರುತ್ತದೆ. ಮೊದಲು ನುಂಗುತ್ತಿದ್ದಷ್ಟನ್ನೇ ಈಗ ನುಂಗಿದರೆ ಉಸಿರು ನಿಲ್ಲಬಹುದು. ಅವರು ಮನೆಗೆ ಬರುವ ಮುಂಚೆ ಬೀರು, ಬ್ಯಾಗು, ದಿಂಬಿನ ಕೆಳಗೆ ಎಲ್ಲ ಹುಡುಕಿ ಉಳಿದ ಸ್ಟ್ರಿಪ್‌ಗಳನ್ನು ತೆಗೆದುಬಿಡಿ. ಫಾಲೋಅಪ್ ದಿನ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.